ಈಶ್ವರಜನ ಕಮ್ಮಿ

ಡೈರಿ ಕಟ್ಟಡದ ಮುಂದೆ ಶಾಮಿಯಾನ ಹಾಕಿ ನಮ್ಮ ದನದ ಡಾಕ್ಟ್ರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ದೊಡ್ಡ ಫೋಟೋ, ಅದಕ್ಕೊಂದು ಸುಗಂಧರಾಜದ ಹಾರ. ಮೈಕು ಕೈಗೆ ಸಿಕ್ಕವರೆಲ್ಲ ಹಿಂದಿನವರನ್ನು ಮೀರಿಸುವಂತೆ ಹೊಗಳಿದರು. ಒಬ್ಬರು ಮೂಕಪ್ರಾಣಿಗಳ ತಾಯಿ ಅಂದರು. ಇನ್ನೊಬ್ಬರು, ಹಸು ಕೂಗಿದರೆ ಸಾಕು ತಟ್ಟೆಯ ಅನ್ನ ಬಿಟ್ಟು ಓಡಿ ಬರುತ್ತಿದ್ದರು ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಟವಲಿನಿಂದ ಮುಖ ಮುಚ್ಚಿಕೊಂಡೆ. ಪಕ್ಕದವರು ಅಳುತ್ತಿದ್ದಾನೆ ಅಂದುಕೊಂಡು ಬೆನ್ನು ಸವರಿದರು. ನಾನು ನಗು ತಡೆದುಕೊಳ್ಳುತ್ತಿದ್ದೆ.

ಆ ಡಾಕ್ಟ್ರು ತಟ್ಟೆಯ ಅನ್ನ ಬಿಟ್ಟು ಎದ್ದವರೇ ಅಲ್ಲ. ತಟ್ಟೆ ತೊಳೆದ ಮೇಲೂ ಏಳುತ್ತಿರಲಿಲ್ಲ. ಕೊಟ್ಟಿಗೆಗೆ ಬಂದರೆ ಹಸುವನ್ನು ನೋಡುವ ಮೊದಲು ಓಡುವ ದಾರಿ ನೋಡುವವರು. ಮೂಕಪ್ರಾಣಿಗಳು ಅವರಿಗೆ ಇಷ್ಟವಿದ್ದದ್ದು ಒಂದೇ ಕಾರಣಕ್ಕೆ. ಅವು ಮಧ್ಯೆ ಬಾಯಿ ಹಾಕುವುದಿಲ್ಲ.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ದನದ ದಲ್ಲಾಳಿ. ಚಿಕ್ಕಯ್ಯನಛತ್ರದಿಂದ ಹಿಡಿದು ನರಸೀಪುರದ ಆಚೆಗೂ ಯಾವ ಕೊಟ್ಟಿಗೆಯಲ್ಲಿ ಯಾವ ಹಸು ಇದೆ, ಅದರ ತಾಯಿ ಹೇಗೆ ಹಾಲು ಕೊಡುತ್ತಿತ್ತು ಅಂತ ಕೇಳಿ, ಹೇಳುತ್ತೇನೆ. ಯಾರ ಹಂಗಿನಲ್ಲೂ ಉಂಡವನಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆಡುವುದಿಲ್ಲ, ಇದ್ದದ್ದನ್ನು ಬರೆಯುತ್ತೇನೆ. ಆ ಮೈಕಿನಲ್ಲಿ ಬಂದ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದವರು ಬೇರೆಯವರು.

ಅವರ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಒಂದು ತುಂಡು ಇರುತ್ತಿತ್ತು. ದನದ ಡಾಕ್ಟ್ರಿಗೆ ಸೀಮೆಸುಣ್ಣ ಯಾಕೆ ಅಂತ ಹೊಸಬರು ಕೇಳುತ್ತಿದ್ದರು. ಹಳಬರು ಕೇಳುತ್ತಿರಲಿಲ್ಲ, ದೂರ ಸರಿಯುತ್ತಿದ್ದರು. ಗೋಡೆ ಸಿಕ್ಕರೆ ಗೋಡೆ, ಬಾಗಿಲು ಸಿಕ್ಕರೆ ಬಾಗಿಲು, ಏನೂ ಸಿಗದಿದ್ದರೆ ಹಸುವಿನ ಪಕ್ಕೆಯ ಮೇಲೇ ಚಿತ್ರ ಬರೆದು ಪಾಠ ಶುರು ಮಾಡುವವರು. ಜ್ವರಕ್ಕೆ ಕರೆದರೂ ಪಾಠ, ಕೆಚ್ಚಲು ಬಾವಿಗೆ ಕರೆದರೂ ಪಾಠ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಮಿದುಳಿಗೆ.

"ಎಲ್ಲಾ ಇಲ್ಲಿದೆ ಕಣಯ್ಯ," ಅಂತ ಹಸುವಿನ ಹಣೆ ತೋರಿಸುವರು. ಮುಟ್ಟುತ್ತಿರಲಿಲ್ಲ. ಕೊಂಬು ಪಕ್ಕದಲ್ಲೇ ಇತ್ತಲ್ಲ.

ದಲ್ಲಾಳಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಂತೆಯಲ್ಲಿ ನಾವು ವ್ಯಾಪಾರ ಕುದುರಿಸುವುದು ಟವಲಿನ ಅಡಿಯಲ್ಲಿ. ಕೊಳ್ಳುವವನ ಕೈಯನ್ನೊಮ್ಮೆ, ಮಾರುವವನ ಕೈಯನ್ನೊಮ್ಮೆ ಟವಲು ಮುಚ್ಚಿ ಹಿಡಿದು ಬೆರಳಿನಲ್ಲೇ ಮಾತು ಮುಗಿಸುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕೊಳ್ಳುವವನ ಕಿವಿಗೆ ಮಾರುವವನ ದನಿ ಬೀಳುವುದಿಲ್ಲ, ಆದರೂ ವ್ಯಾಪಾರ ಕುದುರುತ್ತದೆ. ಡಾಕ್ಟ್ರು ಅದನ್ನು ನೋಡಿದಾಗಲೆಲ್ಲ ಮೂಗು ಮುರಿಯುವರು.

"ದಲ್ಲಾಳಿ ಅಂದ್ರೆ ಉಣ್ಣೆ ಹುಳ ಕಣಯ್ಯ. ಹಸೂದೂ ಅಲ್ಲ, ಹುಲ್ಲಿಂದೂ ಅಲ್ಲ. ಮಧ್ಯದಲ್ಲಿ ಕಚ್ಕೊಂಡು ಊದ್ಕೋತದೆ."

"ಸರಿ ಸಾ. ಉಣ್ಣೆ ಬುಡ್ಸಕ್ಕಾದ್ರೂ ಹಸು ಮುಟ್ಬೇಕಲ್ವಾ," ಅಂದಿದ್ದೆ. ಒಂದು ತಿಂಗಳು ಮಾತಾಡಿಸಲಿಲ್ಲ.

ಇಂಥವರನ್ನು ನಾನೇ ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಬೇಕಾಗಿ ಬಂತು. ತೊಂಬತ್ತರ ದಶಕದ ಮೊದಮೊದಲು. ತಂಗಿಯನ್ನು ಸೋಸಲೆಗೆ ಕೊಟ್ಟಿದ್ದೆವು. ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಗುವಾಗಿರಲಿಲ್ಲ. ಅಷ್ಟರಲ್ಲಿ ಅವಳ ಅತ್ತೆ ಇನ್ನೂ ಕರು ಹಾಕದ ಒಂದು ಒಳ್ಳೆಯ ಸೀಮೆ ಕಡಸು ಬೇಕು ಅಂದರು. ನಾನೇ ಹುಡುಕಿ, ಹಲ್ಲು ನೋಡಿ, ಸುಳಿ ನೋಡಿ, ಕಪ್ಪು ಮೈಗೆ ಹಣೆಯಲ್ಲಿ ಮಾತ್ರ ಬಿಳಿ ಇದ್ದ ಒಂದು ಕಡಸು ಹೊಡೆದುಕೊಂಡು ಹೋಗಿ ಕಟ್ಟಿದೆ. ಚುಕ್ಕಿ ಅಂತ ಹೆಸರಿಟ್ಟರು. ಬೆದೆಗೆ ಬರುವ ವಯಸ್ಸಾಯಿತು, ವಯಸ್ಸು ದಾಟಿತು, ಚುಕ್ಕಿ ಒಂದು ದಿನವೂ ಕೂಗಲಿಲ್ಲ, ಬಾಲ ಎತ್ತಲಿಲ್ಲ.

ಆಮೇಲೆ ನಾನು ಸೋಸಲೆಗೆ ಹೋದ ದಿನ ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ ಅಂದರು:

"ನೋಡಪ್ಪ, ನೀ ಕೊಟ್ಟಿದ್ದೆಲ್ಲ ಗೊಡ್ಡೇ ಆಯ್ತಲ್ಲ."

ನನ್ನ ತಂಗಿ ಒಳಗೆ ನೀರು ಕಾಯಿಸುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು.

ಗೊಡ್ಡು ಅನ್ನುವುದು ನಮ್ಮ ವ್ಯಾಪಾರದಲ್ಲಿ ದಿನಾ ಬಾಯಲ್ಲಿ ಹೊರಳುವ ಮಾತು. ಅದು ಅವತ್ತು ಹೇಗೆ ಕಿವಿಗೆ ಬಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ಗೊಡ್ಡು ಬಿದ್ದ ದನಕ್ಕೆ ಎಲ್ಲಿ ದಾರಿ ಅಂತ ನನಗಿಂತ ಚೆನ್ನಾಗಿ ತಿಳಿದವರಿಲ್ಲ. ಗೊಡ್ಡು ಅನ್ನಿಸಿಕೊಂಡ ಹೆಣ್ಣಿಗೂ ಆ ಮನೆಯಲ್ಲಿ ಮಾತು ಶುರುವಾಗಿತ್ತು. ತಂಗಿಯ ಗಂಡ, ನಮ್ಮ ಭಾವನಿಗೆ ಇನ್ನೊಂದು ಹೆಣ್ಣು ನೋಡುವ ಮಾತು. ಶಿವರಾತ್ರಿವರೆಗೂ ನೋಡೋಣ ಅಂತ ಅತ್ತೆ ಅಕ್ಕಪಕ್ಕದವರ ಹತ್ತಿರ ಅಂದಿದ್ದರು. ತಂಗಿಯ ಸಂಗತಿ ನನ್ನ ಕೈಮೀರಿದ್ದು. ಕಡಸಿನದಾದರೂ ಸರಿ ಮಾಡೋಣ, ಅರ್ಧ ಬಾಯಿ ಮುಚ್ಚೀತು ಅಂತ ಮಾರನೆಯ ದಿನವೇ ಡಾಕ್ಟ್ರ ಬಾಗಿಲಿಗೆ ಹೋದೆ.

ಬಂದರು. ಪಾಲಿಶ್ ಹಾಕಿದ ಶೂ, ಮೈಗೆ ಪೌಡರು. ಚುಕ್ಕಿಯ ಹಿಂಗಾಲು ಕಟ್ಟಿಸಿದರು, ಮುಂಗಾಲೂ ಕಟ್ಟಿಸಿದರು, ಮೂಗುದಾರವನ್ನು ನನ್ನ ಕೈಗೆ ಕೊಟ್ಟು, ಭಾವನಿಗೆ ಬಾಲ ಹಿಡಿಸಿದರು. ಕೈಗವಸಿನ ಮೇಲೊಂದು ಕೈಗವಸು ಹಾಕಿ, ಕೈ ಒಳಗೆ ಹಾಕಿ ನೋಡಿ, ಗರ್ಭಕೋಶ ಚೆನ್ನಾಗಿದೆ ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಕೈ ತೊಳೆದರು, ಜೇಬಿಗೆ ಕೈ ಹೋಯಿತು.

ಚುಕ್ಕಿಯ ಮೈ ಕಪ್ಪು, ಹಲಗೆ ಇದ್ದಂತೆ ಇತ್ತು. ಅಂಥ ಬೋರ್ಡು ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲವೋ ಏನೋ.

"ಇಲ್ಲಿ ಅಂಡಾಶಯ. ಮೊಟ್ಟೆ ಬಲಿಯುವಾಗ ಈಸ್ಟ್ರೋಜನ್ ಅನ್ನೋದನ್ನ ರಕ್ತಕ್ಕೆ ಬಿಡುತ್ತೆ. ಅದು ಮಿದುಳಿಗೆ ಹೋಗುತ್ತೆ," ಅಂತ ಹಿಂದಿನಿಂದ ಮುಂದಕ್ಕೆ ಒಂದು ಗೆರೆ ಎಳೆದರು. "ಮಿದುಳಿನ ತಳದಲ್ಲಿ ಒಂದಿಷ್ಟು ಜೀವಕೋಶ ಇವೆ. ಬಸಿರು, ಬೆದೆ ಎಲ್ಲಕ್ಕೂ ಅವೇ ಯಜಮಾನರು. ಅವು ಕೆಳಗಿನ ಗ್ರಂಥಿಗೆ ಹೇಳ್ತವೆ," ಇನ್ನೊಂದು ಗೆರೆ. "ಗ್ರಂಥಿ ವಾಪಸ್ಸು ಅಂಡಾಶಯಕ್ಕೆ ಹೇಳುತ್ತೆ," ಮತ್ತೊಂದು ಗೆರೆ. "ಈಗ ಮಜಾ ನೋಡಿ. ಈಸ್ಟ್ರೋಜನ್ ಸ್ವಲ್ಪ ಇದ್ದಾಗ ಮಿದುಳಿಗೆ ಸುಮ್ಮನಿರು ಅನ್ನುತ್ತೆ. ಅದೇ ಈಸ್ಟ್ರೋಜನ್ ಏರಿ ಏರಿ ಒಂದು ಮಟ್ಟ ದಾಟಿತೋ, ಇನ್ನು ಬಿಡು ಅನ್ನುತ್ತೆ! ಒಂದೇ ಬಾಯಿ, ಎರಡು ಮಾತು. ಆವಾಗ ಹಸು ಕೂಗೋದು, ಆವಾಗ ಮೊಟ್ಟೆ ಹೊರಬೀಳೋದು. ಇದಕ್ಕೆ ಈಸ್ಟ್ರೋಜನ್ ಕಮ್ಮಿ ಆಗಿದೆ ಅಷ್ಟೇ. ಗೊಡ್ಡು ಗಿಡ್ಡು ಅನ್ನಬಾರದು. ಅದು ದಡ್ಡರ ಮಾತು."

ದಡ್ಡರು ಅಂದಾಗ ನೋಡಿದ್ದು ನನ್ನ ಕಡೆಗೆ.

ಅತ್ತೆ ಸೆರಗು ತಲೆಗೆ ಹೊದ್ದು ಕೈಕಟ್ಟಿ ನಿಂತು ಕೇಳುತ್ತಿದ್ದರು. ಡಾಕ್ಟ್ರಿಗೆ ಇನ್ನೂ ಉಮೇದು ಬಂತು. "ಇದರಲ್ಲಿ ಒಂದು ಗುಟ್ಟಿದೆ. ಆ ಯಜಮಾನ ಕೋಶಗಳಿಗೆ ಈಸ್ಟ್ರೋಜನ್ನಿನ ಮಾತು ಕೇಳೋ ಕಿವೀನೇ ಇಲ್ಲ ಅಂತಾರೆ. ಕಿವಿ ಇಲ್ಲ, ಆದ್ರೂ ಮಾತು ಮುಟ್ಟುತ್ತೆ. ಹೇಗೆ? ದೊಡ್ಡ ದೊಡ್ಡ ವಿಜ್ಞಾನಿಗಳೇ ತಲೆ ಕೆರ್ಕೊಳ್ತಾ ಇದ್ದಾರೆ."

ಮೂಗುದಾರ ಹಿಡಿದು ಹಿಡಿದು ನನ್ನ ಕೈ ಜೋಮು ಹಿಡಿದಿತ್ತು.

"ಅದ್ರಲ್ಲೇನದೆ ಸಾ, ಮಧ್ಯದಲ್ಲೊಬ್ಬ ದಲ್ಲಾಳಿ ಅವ್ನೆ. ಟವಲ್ ಮುಚ್ಕೊಂಡವ್ನೆ, ನಿಮ್ ವಿಜ್ಞಾನಿಗಳ್ಗೆ ಕಾಣ್ತಿಲ್ಲ."

ಭಾವ ಬಾಲ ಬಿಟ್ಟು ನಕ್ಕ. ಡಾಕ್ಟ್ರು ನಗಲಿಲ್ಲ. ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ಕಾದು ನೋಡಿ, ಬೆದೆಗೆ ಬಂದ ದಿನ ಹೇಳಿ ಕಳಿಸಿ ಅಂತ ಹೇಳಿ ಹೊರಟರು. ಮೇವು ಏನು ಹಾಕುತ್ತೀರಿ ಅಂತ ಕೇಳಲಿಲ್ಲ. ತಾವು ಹೇಳಿದ್ದು ಯಾರಿಗೆ ಏನು ತಿಳಿಯಿತು ಅಂತಲೂ ಕೇಳಲಿಲ್ಲ. ಪಾಠ ಮಾಡುವವರಿಗೆ ತಮ್ಮ ಬಾಯಿಂದ ಮಾತು ಹೊರಟರೆ ಮುಗಿಯಿತು. ಅದು ಎಲ್ಲಿ ಹೋಗಿ ಬಿತ್ತು ಅನ್ನುವುದು ಅವರ ಕೆಲಸವಲ್ಲ.

ಅದು ಹೋಗಿ ಬಿದ್ದದ್ದು ಹೀಗೆ. ಆ ಮನೆಯವರು ಶಿವಭಕ್ತರು. ಅತ್ತೆಯ ಕಿವಿಗೆ ಬಿದ್ದದ್ದು ಈಸ್ಟ್ರೋಜನ್ ಅಲ್ಲ, ಈಶ್ವರಜನ. ಈಶ್ವರಜನ ಕಮ್ಮಿ ಆಗಿದ್ದಾರೆ. ದೊಡ್ಡ ಡಾಕ್ಟ್ರೇ ಬಾಯಿಬಿಟ್ಟು ಹೇಳಿದ್ದಾರೆ. ಬರೀ ಹೇಳಿದ್ದಲ್ಲ, ಕಡಸಿನ ಮೈಮೇಲೆ ಬೆಳ್ಳಗೆ ಮೂರು ಗೆರೆ ಎಳೆದು ಹೋಗಿದ್ದಾರೆ. ನಾವು ನೋಡಿದ್ದು ಮಿದುಳಿನ ಚಿತ್ರ. ಆಕೆ ನೋಡಿದ್ದು ವಿಭೂತಿ.

ಇನ್ನೇನು ಬೇಕು? ಶಿವನಿಗೆ ಎಲ್ಲೋ ಅಪಚಾರ ಆಗಿದೆ ಅಂತ ಅತ್ತೆ ತೀರ್ಮಾನ ಮಾಡಿದರು. ನನ್ನ ತಂಗಿ ಮೊದಲೇ ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಈಗ ಸೋಮವಾರ ಪೂರ್ತಿ ಉಪವಾಸ, ಉಳಿದ ದಿನ ಒಪ್ಪೊತ್ತು. ಮಧ್ಯೆ ಮಧ್ಯೆ ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಉರುಳುಸೇವೆ. ಕಡಸಿಗೂ ವ್ರತ ಹಿಡಿಸಿದರು. ಸೋಮವಾರ ಅದಕ್ಕೂ ಮೇವಿಲ್ಲ, ಬರೀ ನೀರು. ಉಳಿದ ದಿನ ಹಿಂಡಿ, ಬೂಸಾ ಇಲ್ಲ, ಒಂದು ಹಿಡಿ ಒಣಹುಲ್ಲು. ಮೈಗೆ ದಿನವೂ ಮೂರು ಗೆರೆ ವಿಭೂತಿ. ನಾನು ಆಗ ಗುಂಡ್ಲುಪೇಟೆ ಕಡೆಯ ವ್ಯಾಪಾರದಲ್ಲಿ ಮುಳುಗಿದ್ದೆ. ಸೋಸಲೆಗೆ ಹೋಗಿ ನೋಡುವ ಹೊತ್ತಿಗೆ ಶಿವರಾತ್ರಿ ಹತ್ತಿರ ಬಂದಿತ್ತು.

ಕೊಟ್ಟಿಗೆಯಲ್ಲಿ ಚುಕ್ಕಿಯ ಪಕ್ಕೆಲುಬು ದೂರದಿಂದಲೇ ಕಾಣುತ್ತಿದ್ದವು. ನೀರಿನ ಚೊಂಬು ತಂದ ತಂಗಿಯ ಕೈಯಲ್ಲಿ ಬಳೆ ಮೊಣಕೈವರೆಗೂ ಜಾರುತ್ತಿತ್ತು.

"ಏನವ್ವ ಇದು?" ಅಂದೆ.

"ಏನಿಲ್ಲ ಕಣಣ್ಣ, ವ್ರತ," ಅಂದಳು. ಆಮೇಲೆ ದನಿ ಇಳಿಸಿ, "ಮುಟ್ಟೂ ನಿಂತೋಗದೆ. ಅತ್ತೆ ಬಸ್ರಾದೆ ಅನ್ಕಂಡಿದ್ರು. ಅಲ್ಲ," ಅಂದಳು. ಅಣ್ಣನ ಹತ್ತಿರ ಯಾವ ಹೆಣ್ಣೂ ಆಡದ ಮಾತು ಅದು. ಇನ್ನು ಯಾರ ಹತ್ತಿರ ಆಡಬೇಕೋ ತಿಳಿಯದೆ ಆಡಿದಳು.

ನಾನು ನೆಟ್ಟಗೆ ದನದ ಆಸ್ಪತ್ರೆಗೆ ಹೋಗಿ ಡಾಕ್ಟ್ರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ. ಕೂರಿಸಿಕೊಂಡು ಅನ್ನುವುದಕ್ಕಿಂತ ಹೊತ್ತುಕೊಂಡು ಅನ್ನಬೇಕು. ದಾರಿಯುದ್ದಕ್ಕೂ, ಹಸುವಿಗೆ ಏನಾಗಿದೆ ಹೇಳಯ್ಯ, ಹೇಳಯ್ಯ ಅಂತ ಬಡಬಡಿಸಿದರು. ನಾನು ಬಾಯಿ ಬಿಡಲಿಲ್ಲ.

ಕೊಟ್ಟಿಗೆಗೆ ಬಂದು ಚುಕ್ಕಿಯನ್ನು ನೋಡಿದವರೇ ಕೂಗಿದರು. "ಯಾರ್ರೀ ಇದಕ್ಕೆ ಮೇವು ನಿಲ್ಲಿಸಿದ್ದು?"

ಅತ್ತೆ ಗಾಬರಿಯಾದರು. "ನೀವೇ ಯೋಳಿದ್ರಲ್ಲ ಸಾ, ಈಸ್ವರಜನ ಕಮ್ಮಿ ಆಗವ್ರೆ ಅಂತ. ಇಬೂತಿನೂ ನೀವೇ ಬಳ್ದ್ರಿ. ನಾವು ಒಂದ್ ಸೋಮಾರನೂ ತಪ್ಸಿಲ್ಲ ಕಣ್ರಪ್ಪ. ಸೊಸೆನೂ ಅಷ್ಟೆ, ಕಡ್ಸೂ ಅಷ್ಟೆ."

ಡಾಕ್ಟ್ರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ ಸೀಮೆಸುಣ್ಣ ಹಿಡಿದುಕೊಂಡು ಬಂದಿತ್ತು. ಚುಕ್ಕಿಯ ಮೈಮೇಲಿನ ವಿಭೂತಿಯ ಮೂರು ಗೆರೆ ನೋಡಿದರು, ಕೈಯಲ್ಲಿದ್ದ ಸೀಮೆಸುಣ್ಣ ನೋಡಿದರು, ಬಾಗಿಲಿನ ಮರೆಯಲ್ಲಿ ನಿಂತಿದ್ದ ನನ್ನ ತಂಗಿಯನ್ನು ನೋಡಿದರು. ಸೀಮೆಸುಣ್ಣ ಎರಡು ತುಂಡಾಗಿ ಸಗಣಿಗೆ ಬಿತ್ತು. ಮುರಿದರೋ ಮುರಿಯಿತೋ ಗೊತ್ತಿಲ್ಲ.

"ಹೊಟ್ಟೆ ತುಂಬಿಸ್ರಮ್ಮ," ಅಂದರು. "ಹೊಟ್ಟೆ ಖಾಲಿ ಇದ್ರೆ ಮಿದುಳು ಮರಿ ಮಾಡೋ ಮಾತೇ ಎತ್ತಲ್ಲ. ಮೊದ್ಲು ಹೊಟ್ಟೆ ತುಂಬಿಸಿ. ಎರಡಕ್ಕೂ."

ಅವರ ಜೀವಮಾನದ ಅತಿ ಚಿಕ್ಕ ಭಾಷಣ ಅದು. ಅದರಲ್ಲೂ ತಪ್ಪು ಮಾಡಿದರು. ಎರಡಕ್ಕೂ ಅಂದರು. ಇಬ್ಬರಿಗೂ ಅನ್ನಲಿಲ್ಲ. ನನ್ನ ತಂಗಿಯನ್ನು ದನದ ಲೆಕ್ಕಕ್ಕೆ ಸೇರಿಸಿ ಎರಡು ಅಂದ ಮನುಷ್ಯನ ಕೊರಳಪಟ್ಟಿ ಹಿಡಿಯಲು ಹೋದೆ. ಭಾವ ಅಡ್ಡ ಬಂದ. ಸ್ಕೂಟರಿನಲ್ಲಿ ವಾಪಸ್ಸು ಕರೆದುಕೊಂಡು ಹೋಗಿ ಬಿಡಲಿಲ್ಲ ನಾನು. ಪಾಲಿಶ್ ಹಾಕಿದ ಶೂ ಹಾಕಿಕೊಂಡು ಬಸ್ಸಿಗೆ ನಡೆದುಕೊಂಡು ಹೋದರು.

ಮುಂದೆ ಒಂದು ದಿನ ಈ ಮಾತು ತೆಗೆದು ಬೈದಾಗ ತಂಗಿ ನಕ್ಕಳು.

"ಬುಡಣ್ಣ. ಇಬ್ರಿಗೂ ಅಂದಿದ್ರೆ ನಮ್ಮತ್ತೆ ಕಿವಿಗ್ ಆಕ್ಕತಿರ್ಲಿಲ್ಲ. ಕಡ್ಸಿನ್ ಜೊತೆ ಸೇರ್ಸುದ್ಕೇ ನಂಗೂ ಇಕ್ಕುದ್ರು."

ಅಂತೂ ಇಕ್ಕಿದರು. ಡಾಕ್ಟ್ರ ಮಾತು ಅಂದ ಮೇಲೆ ಅತ್ತೆ ತಪ್ಪಿಸುವವರಲ್ಲ, ವ್ರತವನ್ನು ಹೇಗೆ ಹಿಡಿಸಿದ್ದರೋ ಊಟವನ್ನೂ ಹಾಗೇ ಹಿಡಿಸಿದರು. ಚುಕ್ಕಿಗೆ ಹಿಂಡಿ, ಹಸಿಜೋಳದ ಕಡ್ಡಿ. ತಂಗಿಗೆ ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ತುಪ್ಪ. ಎದುರಿಗೆ ಕೂತು, ತಟ್ಟೆ ಖಾಲಿಯಾಗುವವರೆಗೂ ಏಳಗೊಡುತ್ತಿರಲಿಲ್ಲ. ಶಿವರಾತ್ರಿ ಬಂತು, ಹೋಯಿತು. ಹೆಣ್ಣು ನೋಡುವ ಮಾತನ್ನು ಯಾರೂ ಎತ್ತಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಚುಕ್ಕಿ ಊರಿಗೆಲ್ಲ ಕೇಳುವಂತೆ ಕೂಗಿತು. ಸೀಮೆ ಹೋರಿಯ ಇಂಜೆಕ್ಷನ್ ಕೊಡಿಸಲು ಭಾವ ಸೈಕಲ್ ಹತ್ತಿ ದನದ ಆಸ್ಪತ್ರೆಗೆ ಓಡಿದ. ಬಾಗಿಲಿಗೆ ಬೀಗ. ಡಾಕ್ಟ್ರು ಮೈಸೂರಿಗೆ ಹೋಗಿದ್ದರು. ಯಾಕೆ ಅಂತೀರಿ? ಹಸುಗಳು ಬೆದೆಗೆ ಬರದಿರುವುದರ ಬಗ್ಗೆ ಭಾಷಣ ಮಾಡಲು! ಮಿದುಳು ಮಾತಾಡುತ್ತದೆ, ಮಾತಾಡುತ್ತದೆ ಅಂತ ಜನ್ಮವೆಲ್ಲ ಸಾರಿದವರು, ಅದು ಮಾತಾಡಿದ ದಿನ ಊರಲ್ಲಿಲ್ಲ. ಬೆದೆ ಇರುವುದು ಒಂದು ದಿನ. ಭಾವ ಕಾಯದೆ ಪಕ್ಕದೂರಿನ ನಾಟಿ ಹೋರಿಗೆ ಹೊಡೆದುಕೊಂಡು ಹೋದ. ಗಬ್ಬ ನಿಂತಿತು.

ಕರು ಹಾಕಿದಾಗ ಮಾತ್ರ ಡಾಕ್ಟ್ರು ಕರೆಯದೆ ಬಂದರು. ಕರುವಿನ ಸಣ್ಣ ಮೈ, ಗಿಡ್ಡ ಕಾಲು ನೋಡಿ ಮುಖ ಸಿಂಡರಿಸಿ, "ನಾಟಿ ಬೆರಕೆ," ಅಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಾನು ಅವತ್ತೇ ಹೇಳಿರಲಿಲ್ವಾ?" ಅಂದರು. ಏನು ಹೇಳಿದ್ದರು, ಅದು ಏನಾಯಿತು ಅನ್ನುವುದೆಲ್ಲ ಅವರ ತಲೆಯಲ್ಲಿ ಅಳಿಸಿಹೋಗಿತ್ತು. ಸೀಮೆಸುಣ್ಣದ ಬರಹವಲ್ಲವೇ.

ತಂಗಿಯನ್ನು ಚುಕ್ಕಿ ಕೂಗಿದ ಆ ಮಳೆಗಾಲದಲ್ಲೇ ನಂಜನಗೂಡಿನ ಒಬ್ಬ ಲೇಡಿ ಡಾಕ್ಟ್ರಿಗೆ ತೋರಿಸಿದೆವು. ಆಕೆ ಮಾತು ಕಮ್ಮಿ, ನೋಡುವುದು ಜಾಸ್ತಿ. ಚೆನ್ನಾಗಿ ಉಣ್ಣು, ಉಪವಾಸ ಬಿಡು, ರಕ್ತಕ್ಕೆ ಮಾತ್ರೆ ತಗೋ ಅಂದರು. ಮುಟ್ಟು ಸರಿಹೋಯಿತು. ಇನ್ನೂ ಎರಡು ಮಳೆಗಾಲ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ಇದರಲ್ಲಿ ದನದ ಡಾಕ್ಟ್ರ ಪಾಲೆಷ್ಟು ಅಂತ ಯಾರಾದರೂ ಕೇಳಿದರೆ ಒಂದು ಮಾತು ಅಂತೀನಿ. ಅದೂ ವ್ಯಾಕರಣ ತಪ್ಪಿದ್ದು.

ನಿವೃತ್ತರಾದ ಮೇಲೆ ಅವರು ನಂಜನಗೂಡಿನಲ್ಲಿ ಮನೆ ಕಟ್ಟಿಸಿಕೊಂಡರು. ಪಾಠ ಕೇಳುವ ಹಸುಗಳಿಲ್ಲದೆ ತುಂಬ ಒದ್ದಾಡಿದರು ಅಂತ ಕಾಣುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಸಿಕ್ಕವರನ್ನು ಹಿಡಿದು ಕೂರಿಸಿಕೊಳ್ಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಒಂದು ದಿನ ನನ್ನನ್ನು ರಸ್ತೆಯ ಆಚೆಯಿಂದಲೇ ಕೂಗಿದರು.

"ಏಯ್ ದಲ್ಲಾಳಿ! ಬಾರಯ್ಯ ಇಲ್ಲಿ! ಸಿಕ್ಕಿದ!"

"ಯಾರ್ ಸಾ?"

"ನಿನ್ನ ಜಾತಿಯವನೇ! ಆ ಟವಲ್ ಮುಚ್ಕೊಂಡವನು!"

ಕೈಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆ. ಈಸ್ಟ್ರೋಜನ್ನಿಗೂ ಯಜಮಾನ ಕೋಶಗಳಿಗೂ ನಡುವೆ ಬೇರೆ ಒಂದು ಜಾತಿಯ ಕೋಶಗಳಿವೆಯಂತೆ. ಈಸ್ಟ್ರೋಜನ್ನಿನ ಮಾತು ಕೇಳುವ ಕಿವಿ ಅವಕ್ಕಿದೆಯಂತೆ. ಸುಮ್ಮನಿರಿಸುವುದಕ್ಕೆ ಒಂದು ಕಡೆಯವು, ಇನ್ನು ಬಿಡು ಅನ್ನುವುದಕ್ಕೆ ಇನ್ನೊಂದು ಕಡೆಯವು. ಹೊಟ್ಟೆ ಹಸಿದಿದೆ ಅನ್ನುವ ಸುದ್ದಿಯೂ ಅವುಗಳ ಮೂಲಕವೇ ಹೋಗುತ್ತಿರಬೇಕು ಅಂತ ಬರೆದಿದ್ದಾರಂತೆ. ಟೀ ಆರಿ ಕೆನೆ ಕಟ್ಟುವವರೆಗೂ ಹೇಳಿದರು. ಸೀಮೆಸುಣ್ಣ ಇರಲಿಲ್ಲ, ಒದ್ದೆ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದರು.

"ಹಂಗಾರೆ ದಲ್ಲಾಳಿ ಉಣ್ಣೆ ಅಲ್ಲ ಅನ್ನಿ," ಅಂದೆ.

ಅವರು ಮೇಜಿನ ಮೇಲಿನ ಗೆರೆಗಳನ್ನು ಅಂಗೈಯಿಂದ ಒರೆಸಿದರು. ತಪ್ಪಾಯಿತು ಅಂತ ಹೇಳುವರೇನೋ ಅಂತ ಕಾದೆ. "ಮಿದುಳಲ್ಲಿ ಅಲ್ಲ," ಅಂದರು. "ಸಂತೇಲಿ ಉಣ್ಣೇನೇ."

ಆಮೇಲೆ ಕೇಳಿದ್ದೇನೆಂದರೆ, ರೋಟರಿಯವರು ಕರೆದ ಕಡೆಯೆಲ್ಲ ಅವರು ಆ ಟವಲಿನ ಉದಾಹರಣೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ತಮಗೇ ಹೊಳೆದದ್ದು ಅನ್ನುತ್ತಿದ್ದರಂತೆ. ಶ್ರದ್ಧಾಂಜಲಿ ಸಭೆಯಲ್ಲೂ ಒಬ್ಬರು ಅದನ್ನು ನೆನೆಸಿಕೊಂಡು, ಎಂಥ ಪ್ರತಿಭೆ ಅಂತ ಕಣ್ಣೊರೆಸಿಕೊಂಡರು. ನಾನು ಮುಖದಿಂದ ಟವಲು ತೆಗೆಯದೆ ಕೂತಿದ್ದದ್ದು ಆಗಲೇ.

ಸಭೆ ಮುಗಿಸಿ ಸೋಸಲೆಗೆ ಹೋದೆ. ಅತ್ತೆಗೆ ಈಗ ಕಣ್ಣು ಮಂಜು. ಜಗಲಿಯಲ್ಲೇ ಕೂತಿದ್ದರು. ಎದುರು ಮನೆಯಾಕೆ ಬಂದು ತನ್ನ ಹೊಸ ಸೊಸೆಯ ಮೇಲೆ ದೂರು ಹೇಳುತ್ತಿದ್ದಳು. ವರ್ಷವಾಯಿತು, ಇನ್ನೂ ಏನೂ ಇಲ್ಲ, ಗೊಡ್ಡೋ ಏನೋ, ನಂಜನಗೂಡಿಗೆ ಹರಕೆ ಹೊರಿಸಬೇಕು ಅಂದಳು.

ಅತ್ತೆ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಗೊಡ್ಡು ಅನ್ಬ್ಯಾಡ ಕಣೆ! ಅದು ದಡ್ಡರ ಮಾತು. ಈಸ್ವರಜನ ಕಮ್ಮಿ ಆಗಿರ್ತಾರೆ ಅಷ್ಟೆಯ. ಉಪಾಸ ಗಿಪಾಸ ಕೆಡ್ವಬ್ಯಾಡ ಆ ಎಣ್ಣ. ಮೊದ್ಲು ಒಟ್ಟೆಗಿಕ್ಕು. ಅವ್ರು ತಾವಾಗೇ ಬತ್ತಾರೆ."

ಎದುರು ಮನೆಯಾಕೆ ತಲೆಯಾಡಿಸಿದಳು. ನನ್ನ ತಂಗಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು.

ಡಾಕ್ಟ್ರು ಇದ್ದು ಕೇಳಿಸಿಕೊಂಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. "ಈಶ್ವರಜನ ಅಲ್ಲಮ್ಮ, ಈಸ್ಟ್ರೋಜನ್!" ಅಂತ ಜೇಬಿಗೆ ಕೈ ಹಾಕಿ, ಆ ಎದುರು ಮನೆಯಾಕೆಯ ಬಾಗಿಲಿನ ಮೇಲೆ ಮೂರು ಗೆರೆ ಎಳೆದು ಮೊದಲಿನಿಂದ ಶುರು ಮಾಡುತ್ತಿದ್ದರು. ಸಂಜೆಯ ಹಾಲು ಕರೆಯುವುದು ತಡವಾಗಿ ಬೀದಿಯವರೆಲ್ಲ ಬೈದುಕೊಳ್ಳುತ್ತಿದ್ದರು, ಎಲ್ಲರಿಗಿಂತ ಮುಂದೆ ನಾನು. ಆ ಪಾಠ ಕೇಳಿದ ಎದುರು ಮನೆಯಾಕೆ ಆ ಹುಡುಗಿಗೆ ಮಾರನೆಯ ದಿನದಿಂದಲೇ ವ್ರತ ಹಿಡಿಸುತ್ತಿದ್ದಳು.